ಕೇಳಿದ ಮಾತು, ಕಂಡ ಮುಖ: ಕಿತ್ತೂರಿನ ರಾಣಿ ಚೆನ್ನಮ್ಮನ ಬಾಳಿನಿಂದ ಒಂದು ಪಾಠ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಅರ್ಧ ದಾರಿ ಕ್ರಮಿಸುವ ಮೊದಲೇ ಕಿತ್ತೂರು ಎದುರಾಗುತ್ತದೆ. ಒಂದು ಕಾಲಕ್ಕೆ ಬೈಲಹೊಂಗಲ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಕೋಟೆಯ ಒಳಗೆ ಅರಮನೆಯ ಕುಸಿದ ಗೋಡೆಗಳು ಇಂದಿಗೂ ನಿಂತಿವೆ. ಪ್ರತಿ ವರ್ಷ ಅಕ್ಟೋಬರ್ 23 ಬಂತೆಂದರೆ ಇಲ್ಲಿ ಉತ್ಸವದ ಸಂಭ್ರಮ. ನಮ್ಮ ಕಾನ್ವೆಂಟ್ ಶಾಲೆಗಳ ಪುಟ್ಟ ಹುಡುಗಿಯರು ಸಹ ವಾರ್ಷಿಕೋತ್ಸವದಂದು ಇಳಕಲ್ಲ ಸೀರೆಯ ಕಚ್ಚೆ ಹಾಕಿ, ಕೈಯಲ್ಲಿ ಮರದ ಕತ್ತಿ ಹಿಡಿದು ಚೆನ್ನಮ್ಮನಾಗುವುದುಂಟು. ಆಕೆಯ ಶೌರ್ಯವನ್ನು ತಿಳಿಯದ ಕನ್ನಡಿಗನಿಲ್ಲ. ಆದರೆ ಆಕೆಯ ಬಾಳಿನಲ್ಲಿ ಶೌರ್ಯದಷ್ಟೇ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಆಕೆಯನ್ನು ಇತರರು ಹೇಗೆ ಅಳೆದರು, ಆಕೆ ಇತರರನ್ನು ಹೇಗೆ ಅಳೆದಳು ಎಂಬುದೇ ಆ ಸಂಗತಿ. ಈ ವಾರ ಅದನ್ನು ನಮ್ಮ ಕುಟುಂಬಗಳ ಮುಂದಿಡಲು ಬಯಸುತ್ತೇವೆ.

ಇದಕ್ಕೊಂದು ಕಾರಣವಿದೆ. ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾವು ಎಷ್ಟು ಜನರ ಬಗ್ಗೆ ತೀರ್ಪು ಕೊಡುತ್ತೇವೆಂದು ಒಮ್ಮೆ ಎಣಿಸಿ ನೋಡೋಣ. ಹೊಸದಾಗಿ ವರ್ಗವಾಗಿ ಬರುವ ಧರ್ಮಗುರುಗಳು ಊರಿಗೆ ಕಾಲಿಡುವ ಮೊದಲೇ ಅವರ ಸ್ವಭಾವದ ವರ್ಣನೆ ನಮ್ಮ ಮನೆಗಳನ್ನು ತಲುಪಿರುತ್ತದೆ. ಮಗಳಿಗೆ ಸಂಬಂಧ ಬಂದರೆ ಹುಡುಗನನ್ನು ನೋಡುವ ಮೊದಲೇ ಯಾರೋ ದೂರದ ನೆಂಟರ ಒಂದು ಮಾತಿನಿಂದ ಬಾಗಿಲು ಮುಚ್ಚುತ್ತದೆ. ಬೇರೆ ಊರಿನಿಂದ ಬಂದು ನೆಲೆಸಿದ ಒಂದು ಕುಟುಂಬ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿಯೇ ಉಳಿಯುತ್ತದೆ. ಏಕೆಂದರೆ ಅವರ ಬಗ್ಗೆ ಏನೋ ಇದೆಯೆಂದು ಯಾರೋ ಹೇಳಿದ್ದಾರೆ. ಏನಿದೆ, ಯಾರು ಹೇಳಿದರು ಎಂದು ಕೇಳಿದರೆ ಉತ್ತರವಿಲ್ಲ. ನಮ್ಮ ಹಿರಿಯರು ಇಂಥ ಕಿವಿಯನ್ನು ಹಿತ್ತಾಳೆಕಿವಿ ಎಂದು ಕರೆದರು. ಬಡಿದವರ ಸದ್ದನ್ನೆಲ್ಲ ಅದು ಹಾಗೆಯೇ ಮೊಳಗಿಸುತ್ತದೆ, ಸತ್ಯ ಸುಳ್ಳನ್ನು ಬೇರ್ಪಡಿಸುವ ಗೊಡವೆ ಅದಕ್ಕಿಲ್ಲ.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿಯ ಸಮೀಪದ ಕಾಕತಿಯಲ್ಲಿ, ಅಲ್ಲಿನ ದೇಸಾಯಿ ಧೂಳಪ್ಪಗೌಡರ ಮಗಳಾಗಿ. ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆಗಳನ್ನು ಚಿಕ್ಕಂದಿನಲ್ಲಿಯೇ ಕಲಿತಳು. ಕಿತ್ತೂರಿನ ದೇಸಾಯಿ ಮಲ್ಲಸರ್ಜನು ಆಕೆಯನ್ನು ಕಂಡದ್ದು ಹುಲಿಬೇಟೆಯ ಸಂದರ್ಭದಲ್ಲಿ ಎಂಬ ಕಥೆ ಈ ನಾಡಿನ ಜನರ ಬಾಯಲ್ಲಿದೆ. ಬಿದ್ದ ಹುಲಿಯ ಮೈಯಲ್ಲಿ ನಾಟಿದ್ದ ಬಾಣ ಆ ಬಾಲೆಯದೆಂದು ಆತ ಕಣ್ಣಾರೆ ಕಂಡು ಬೆರಗಾದನಂತೆ. ಕಥೆಯ ಅಕ್ಷರಕ್ಷರ ನಿಜವೋ ಅಲ್ಲವೋ, ಜನಪದರು ಅದನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದುದರಲ್ಲಿ ಒಂದು ಅರ್ಥವಿದೆ. ಚೆನ್ನಮ್ಮನ ಬೆಲೆಯನ್ನು ಮೊದಲು ಅರಿತವನು ಇತರರ ವರ್ಣನೆಯನ್ನು ಕೇಳಿದವನಲ್ಲ, ಎದುರು ನಿಂತು ನೋಡಿದವನು ಎಂಬುದೇ ಆ ಅರ್ಥ. ಮುಂದೆ ಆಕೆ ಮಲ್ಲಸರ್ಜನ ಕಿರಿಯ ರಾಣಿಯಾಗಿ ಕಿತ್ತೂರಿಗೆ ಬಂದಳು. ಹಿರಿಯ ರಾಣಿ ರುದ್ರಮ್ಮ.

ಕಿತ್ತೂರು ಚಿಕ್ಕ ಸಂಸ್ಥಾನ. ಅದರ ಸುತ್ತಲೂ ದೊಡ್ಡ ಶಕ್ತಿಗಳು. ಒಂದು ಕಡೆ ಮೈಸೂರು, ಇನ್ನೊಂದು ಕಡೆ ಪುಣೆಯ ಪೇಶ್ವೆ. ಅವರ ನಡುವೆ ಮೆಲ್ಲಮೆಲ್ಲನೆ ಬೇರು ಬಿಡುತ್ತಿದ್ದ ಇಂಗ್ಲಿಷ್ ಕಂಪನಿ. ಮಲ್ಲಸರ್ಜನು ತನ್ನ ಆಯುಷ್ಯದ ಒಂದು ಭಾಗವನ್ನು ಟಿಪ್ಪುವಿನ ಸೆರೆಯಲ್ಲಿಯೂ ಇನ್ನೊಂದು ಭಾಗವನ್ನು ಪೇಶ್ವೆಯ ಸೆರೆಯಲ್ಲಿಯೂ ಕಳೆದನು. 1816ರಲ್ಲಿ ಆತ ಜರ್ಝರಿತನಾಗಿ ತೀರಿಕೊಂಡಾಗ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಈತ ಕಂಪನಿಯ ಪಕ್ಷಕ್ಕೆ ನೆರವಾದನು. ಕಪ್ಪ ಕೊಡುವ ಕರಾರಿನ ಮೇಲೆ ಸಂಸ್ಥಾನ ಆತನ ಕೈಯಲ್ಲಿಯೇ ಉಳಿಯಿತು. ಆ ದಿನಗಳಲ್ಲಿ ಕಿತ್ತೂರು ಕಂಪನಿಯ ಕಣ್ಣಿಗೆ ಮಿತ್ರನೇ ಆಗಿತ್ತೆಂಬುದನ್ನು ನಾವು ಮರೆಯಬಾರದು. ಆರೇ ವರ್ಷಗಳಲ್ಲಿ ಅದೇ ಮಿತ್ರ ವಂಚಕನೆನಿಸಿದ್ದು ಹೇಗೆ?

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡನು. ಸಾಯುವ ಮೊದಲು ಮಾಸ್ತಮರಡಿಯ ಗೌಡರ ಮನೆತನದ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಿರುವುದಾಗಿ ತಿಳಿಸುವ ಪತ್ರವೊಂದು ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆಯ ಕೈಸೇರಿತು. ಪತ್ರದ ಮೇಲಿನ ತಾರೀಖು ಹಳೆಯದು, ಅದು ತಲುಪಿದ ಹೊತ್ತು ಬಹಳ ತಡ. ಸಹಿಯ ಮೇಲೂ ಥ್ಯಾಕರೆಗೆ ಅನುಮಾನ ಬಂತು. ದೇಸಾಯಿ ಸತ್ತ ಮೇಲೆ ಅರಮನೆಯವರು ಹೂಡಿದ ಸಂಚಿದು ಎಂಬ ತೀರ್ಮಾನಕ್ಕೆ ಆತ ಬಂದನು. ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿನ ಖಜಾನೆಗೆ ಮೊಹರು ಬಿತ್ತು, ಪಹರೆ ನಿಂತಿತು. ಸಂಸ್ಥಾನದ ವ್ಯವಹಾರ ನೋಡಿಕೊಳ್ಳಲು ಅರಮನೆಯವರಲ್ಲಿಯೇ ತನಗೆ ಬೇಕಾದವರನ್ನು ಆತ ಆರಿಸಿಕೊಂಡನು. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಎಂಬ ಹೆಸರುಗಳನ್ನು ಈ ನಾಡಿನ ಲಾವಣಿಗಳು ಇಂದಿಗೂ ಕಹಿಯಾಗಿಯೇ ಉಚ್ಚರಿಸುತ್ತವೆ.

ಇಲ್ಲಿ ನಾವು ನ್ಯಾಯವಾಗಿ ನಡೆದುಕೊಳ್ಳಬೇಕು. ಥ್ಯಾಕರೆಯನ್ನು ರಾಕ್ಷಸನೆಂದು ಚಿತ್ರಿಸಿ ಮುಗಿಸುವುದು ಸುಲಭ. ನಾಟಕದಲ್ಲಿಯೂ ಚಲನಚಿತ್ರದಲ್ಲಿಯೂ ನಾವು ಕಂಡಿರುವುದು ಅವನನ್ನೇ. ಆದರೆ ಹಾಗೆ ಮಾಡಿದರೆ ನಾವೂ ಕೇಳಿದ ಮಾತನ್ನೇ ನಂಬಿದವರಾಗುತ್ತೇವೆ. ಪತ್ರ ತಡವಾಗಿ ಬಂದದ್ದು ನಿಜ. ಜವಾಬ್ದಾರಿಯುಳ್ಳ ಯಾವ ಅಧಿಕಾರಿಗೂ ಒಂದು ಅನುಮಾನ ಬರುವುದು ಸಹಜವೇ. ಅನುಮಾನಪಟ್ಟದ್ದು ಆತನ ತಪ್ಪಲ್ಲ. ಅನುಮಾನವನ್ನೇ ತೀರ್ಪು ಮಾಡಿಕೊಂಡದ್ದು ತಪ್ಪು. ಮನೆಯೊಳಗಿನ ಮನಸ್ತಾಪಗಳಿಂದ ಲಾಭ ಪಡೆಯುವವರನ್ನೇ ಆತ ತನ್ನ ನಂಬಿಕೆಯವರನ್ನಾಗಿ ಮಾಡಿಕೊಂಡನು. ಒಂದು ಮನೆತನವನ್ನು ಅರಿಯಲು ಆ ಮನೆತನದ ಪತನದಿಂದ ಏಳಿಗೆ ಕಾಣುವವರ ಮಾತಿಗೆ ಕಿವಿಗೊಟ್ಟರೆ ಕಾಣುವ ಚಿತ್ರ ಎಂಥದಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೆನ್ನಮ್ಮ ಕತ್ತಿಯನ್ನು ಮೊದಲು ಎತ್ತಲಿಲ್ಲ. ಮೊದಲು ಎತ್ತಿದ್ದು ಲೇಖನಿಯನ್ನು. ದತ್ತಕವನ್ನು ಮಾನ್ಯ ಮಾಡಬೇಕೆಂದು, ಸಂಸ್ಥಾನವನ್ನು ಉಳಿಸಬೇಕೆಂದು ಥ್ಯಾಕರೆಯ ಮೇಲಧಿಕಾರಿಯಾಗಿದ್ದ ಡೆಕ್ಕನ್ ಕಮಿಷನರ್ ಚಾಪ್ಲಿನ್‌ಗೂ ಬೊಂಬಾಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಆಕೆ ಅಹವಾಲು ಕಳಿಸಿದಳು. ಎಲ್ಫಿನ್‌ಸ್ಟನ್ ಸಾಮಾನ್ಯನಲ್ಲ, ವಿದ್ಯಾವಂತ, ದೇಶದ ಇತಿಹಾಸವನ್ನು ಬರೆದವನು, ಉದಾರಿಯೆಂದು ಹೆಸರು ಪಡೆದವನು. ಆದರೆ ಕಿತ್ತೂರಿನ ರಾಣಿ ಎಂಥವಳು ಎಂಬುದನ್ನು ಪುಣೆ ಬೊಂಬಾಯಿಗಳಲ್ಲಿ ಕುಳಿತವರು ಧಾರವಾಡದಿಂದ ಬಂದ ವರದಿಯ ಕನ್ನಡಿಯಲ್ಲಿ ನೋಡಬೇಕಾಗಿತ್ತು. ಕನ್ನಡಿ ವಕ್ರವಾಗಿದ್ದರೆ ಮುಖ ನೇರವಾಗಿ ಕಾಣುವುದಾದರೂ ಹೇಗೆ? ಆಕೆಯ ಮನವಿ ನೆರವೇರಲಿಲ್ಲ. ಕೆಟ್ಟವರಲ್ಲದ ಜನರು ಒಬ್ಬನ ಮಾತಿನ ಮೇಲೆ ವಿಶ್ವಾಸವಿಟ್ಟು, ಇನ್ನೊಬ್ಬರ ಮುಖವನ್ನೇ ನೋಡದೆ, ದೊಡ್ಡದೊಂದು ಅನ್ಯಾಯಕ್ಕೆ ಸಹಿ ಹಾಕುವುದು ಹೀಗೆ.

1824ರ ಅಕ್ಟೋಬರ್ 23ರಂದು ಥ್ಯಾಕರೆ ತನ್ನ ಪಡೆಯೊಂದಿಗೆ ಕಿತ್ತೂರಿನ ಮುಚ್ಚಿದ ಕೋಟೆಬಾಗಿಲ ಮುಂದೆ ನಿಂತಿದ್ದನು. ಬಾಗಿಲು ತೆರೆಯದಿದ್ದರೆ ಒಡೆದು ಒಳನುಗ್ಗುವುದಾಗಿ ಬೆದರಿಕೆ ಹಾಕಿದನು. ಬಾಗಿಲು ತೆರೆಯಿತು; ಆದರೆ ಹೊರಬಂದದ್ದು ಶರಣಾಗತಿಯಲ್ಲ, ಕಿತ್ತೂರಿನ ಸೈನ್ಯ. ಸರದಾರ ಗುರುಸಿದ್ದಪ್ಪನೂ ಅಮಟೂರ ಬಾಳಪ್ಪನೂ ಸಂಗೊಳ್ಳಿಯ ರಾಯಣ್ಣನೂ ಆ ದಿನದ ಕಥೆಯಲ್ಲಿ ಕಾಣಿಸಿಕೊಳ್ಳುವ ಹೆಸರುಗಳು. ಥ್ಯಾಕರೆ ಗುಂಡಿಗೆ ಬಲಿಯಾದನು. ಗುರಿಯಿಟ್ಟವನು ಬಾಳಪ್ಪನೆಂದು ನಾಡು ನೆನೆಯುತ್ತದೆ. ಕ್ಯಾಪ್ಟನ್ ಬ್ಲ್ಯಾಕ್, ಕ್ಯಾಪ್ಟನ್ ಸೆವೆಲ್, ಲೆಫ್ಟಿನೆಂಟ್ ಡೈಟನ್ ಎಂಬ ಸೇನಾಧಿಕಾರಿಗಳೂ ಮಡಿದರು. ಇಂಗ್ಲೆಂಡಿನಲ್ಲಿ ಆಗ ಈ ಥ್ಯಾಕರೆಯ ಅಣ್ಣನ ಮಗನೊಬ್ಬ ಶಾಲಾಬಾಲಕನಾಗಿದ್ದನು. ಮುಂದೆ ಕಾದಂಬರಿಕಾರನಾಗಿ ಲೋಕವಿಖ್ಯಾತನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಅವನೇ.

ಆ ದಿನ ಇಬ್ಬರು ಯುವ ಅಧಿಕಾರಿಗಳು ರಾಣಿಯ ಕೈಗೆ ಸಿಕ್ಕಿಬಿದ್ದರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಇಬ್ಬರೂ ಥ್ಯಾಕರೆಯ ಸಹಾಯಕರು. ಎಲಿಯಟ್‌ಗೆ ಆಗ ಕೇವಲ 21 ವರ್ಷ. ಕೋಟೆಯಲ್ಲಿ ಸಿಟ್ಟು ಕುದಿಯುತ್ತಿದ್ದ ಹೊತ್ತು ಅದು. ಎಲ್ಲ ಬಿಳಿಯರೂ ಒಂದೇ, ಥ್ಯಾಕರೆಯ ಪಾಪವೇ ಇವರ ಪಾಪ ಎಂದು ಯಾರಾದರೂ ಅಂದಿದ್ದರೆ ಆ ಹೊತ್ತಿನಲ್ಲಿ ಅದು ಅಸಹಜವೆನಿಸುತ್ತಿರಲಿಲ್ಲ. ಆದರೆ ಆ ಇಬ್ಬರ ಪ್ರಾಣಕ್ಕೆ ಕುತ್ತು ಬರಲಿಲ್ಲ. ವಾರಗಟ್ಟಲೆ ಸೆರೆಯಲ್ಲಿದ್ದು ಅವರು ಜೀವಂತವಾಗಿ ಹೊರಬಂದರು. ಸೆರೆಯಾಳುಗಳನ್ನು ಒತ್ತೆಯಾಗಿಟ್ಟುಕೊಳ್ಳುವುದರಲ್ಲಿ ರಾಜಕೀಯದ ಲೆಕ್ಕಾಚಾರವೂ ಇದ್ದಿರಬೇಕು, ಅಲ್ಲಗಳೆಯುವುದಿಲ್ಲ. ಆದರೂ ತನ್ನ ಬಗ್ಗೆ ಇತರರ ಮಾತು ನಂಬಿದವರಿಂದ ಅಷ್ಟೊಂದು ನೊಂದ ಹೆಣ್ಣುಮಗಳು, ಎದುರಿಗೆ ನಿಂತ ಇಬ್ಬರು ತರುಣರನ್ನು ಅವರ ಕುಲದ ಹೆಸರಿನ ಮೇಲೆ ಶಿಕ್ಷಿಸಲಿಲ್ಲವೆಂಬುದು ಗಮನಾರ್ಹ.

ಈ ಎಲಿಯಟ್ ಮುಂದೆ ಏನಾದನೆಂಬುದನ್ನು ನಮ್ಮ ಓದುಗರು ತಿಳಿಯಬೇಕು. ಕಿತ್ತೂರಿನ ಸೆರೆಯಿಂದ ಬಿಡುಗಡೆಯಾದವನು ಈ ನಾಡನ್ನು ದ್ವೇಷಿಸಲಿಲ್ಲ. ವರ್ಷಗಟ್ಟಲೆ ಇಲ್ಲಿಯೇ ಸೇವೆ ಸಲ್ಲಿಸಿ, ಕನ್ನಡ ನಾಡಿನ ಕಲ್ಲುಗಳ ಮೇಲಿದ್ದ ಶಾಸನಗಳನ್ನು ನೂರುಗಟ್ಟಲೆಯಾಗಿ ಪ್ರತಿ ಮಾಡಿಸಿದನು. ಅವನ ಸಂಗ್ರಹದಲ್ಲಿದ್ದ ಶಾಸನಗಳ ಸಂಖ್ಯೆ 595. ಚಾಲುಕ್ಯರ ಇತಿಹಾಸವನ್ನು ಲೋಕಕ್ಕೆ ತಿಳಿಸಿಕೊಟ್ಟ ಮೊದಲಿಗರಲ್ಲಿ ಅವನೊಬ್ಬ. ಧಾರವಾಡದ ಕನ್ನಡ ಶಾಲೆಯ ಇತಿಹಾಸದಲ್ಲಿಯೂ ಅವನ ಹೆಸರು ಬರುತ್ತದೆ. 1887ರಲ್ಲಿ ಅವನು ತೀರಿಕೊಂಡಾಗ ದಕ್ಷಿಣ ಭಾರತದ ನಾಣ್ಯಶಾಸ್ತ್ರಕ್ಕೂ ಪ್ರಾಣಿಶಾಸ್ತ್ರಕ್ಕೂ ದೊಡ್ಡ ಕಾಣಿಕೆ ಸಲ್ಲಿಸಿದ್ದನು. ಅಂದು ಕಿತ್ತೂರಿನ ಕೋಟೆಯಲ್ಲಿ ಅವನನ್ನು ಬರಿಯ ಶತ್ರುವಿನ ಕುಲದವನೆಂದು ಕಂಡು ಕೊಂದಿದ್ದರೆ, ಕನ್ನಡಕ್ಕೆ ಏನು ನಷ್ಟವಾಗುತ್ತಿತ್ತೆಂದು ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ನಾವು ದೂರವಿಟ್ಟ ಜನರಿಂದ ನಮಗಾದ ನಷ್ಟವೂ ಹೀಗೆಯೇ ನಮಗೆ ಗೊತ್ತಾಗದೆ ಉಳಿಯುತ್ತದೆ.

ಇಲ್ಲಿಂದ ಕಥೆ ದುಃಖದತ್ತ ತಿರುಗುತ್ತದೆ. ಯುದ್ಧ ಮುಂದುವರಿಯುವುದಿಲ್ಲವೆಂಬ ಚಾಪ್ಲಿನ್‌ನ ಭರವಸೆಯನ್ನು ನಂಬಿ ರಾಣಿ ಸೆರೆಯಾಳುಗಳನ್ನು ಬಿಟ್ಟಳೆಂದು ಇತಿಹಾಸಕಾರರು ಬರೆಯುತ್ತಾರೆ. ಭರವಸೆ ಉಳಿಯಲಿಲ್ಲ. ಹೆಚ್ಚಿನ ದಂಡು ಕಿತ್ತೂರಿನ ಮೇಲೆ ಬಂತು. ಆ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತನು; ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋನ ಬಂಧು ಆತ. ಒಳಗಿನವರೇ ಮದ್ದಿನಲ್ಲಿ ಕಲಬೆರಕೆ ಮಾಡಿ ತೋಪುಗಳನ್ನು ಮೂಕವಾಗಿಸಿದರೆಂದು ಜನಪದರು ಇಂದಿಗೂ ಹಾಡಿ ಮರುಗುತ್ತಾರೆ. 1824ರ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮನನ್ನೂ ಶಿವಲಿಂಗರುದ್ರಸರ್ಜನ ವಿಧವೆ ವೀರಮ್ಮನನ್ನೂ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು.

ಹಾಗಾದರೆ ನಂಬಿದ್ದೇ ರಾಣಿಯ ತಪ್ಪಾಯಿತೇ? ಜನರನ್ನು ನಂಬಬಾರದೆಂಬುದೇ ಈ ಬಾಳಿನ ಪಾಠವೇ? ಹಾಗೆ ತಿಳಿಯುವವರಿದ್ದಾರೆ. ನಾವು ಹಾಗೆ ತಿಳಿಯುವುದಿಲ್ಲ. ಆಕೆ ನಂಬಿದವರಲ್ಲಿ ದ್ರೋಹ ಬಗೆದವರು ಕೆಲವರು. ಕೊನೆಯ ಉಸಿರಿನವರೆಗೆ ನಂಬಿಕೆ ಉಳಿಸಿಕೊಂಡವರು ಅನೇಕರು. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣ ದೊಡ್ಡ ಮನೆತನದವನಲ್ಲ. ಕುರುಬ ಸಮುದಾಯದಲ್ಲಿ ಹುಟ್ಟಿದ, ಊರಿನ ಚಾಕರಿ ಮಾಡುತ್ತಿದ್ದವನು. ಕುಲ, ಸಂಪತ್ತು, ಆಸ್ಥಾನದ ಪರಿಚಯ ಇವುಗಳನ್ನು ನೋಡಿ ಜನರನ್ನು ಆರಿಸುವವರ ಕಣ್ಣಿಗೆ ಅವನು ಬೀಳುತ್ತಲೇ ಇರಲಿಲ್ಲ. ಅರಮನೆಯ ಹತ್ತಿರದವರಾಗಿದ್ದ ಕೆಲವರು ಅರಮನೆಯನ್ನೇ ಮಾರಿದರು. ಏನೂ ಇಲ್ಲದವನು ಅದಕ್ಕಾಗಿ ಪ್ರಾಣ ಕೊಟ್ಟನು.

ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ ನಾಲ್ಕು ವರ್ಷಕ್ಕೂ ಮಿಕ್ಕಿ ಬಾಳಿದಳು. ಪೂಜೆ, ಗ್ರಂಥಪಠಣಗಳಲ್ಲಿ ಆಕೆಯ ದಿನಗಳು ಕಳೆದವೆಂದು ಹೇಳುತ್ತಾರೆ. 1829ರ ಫೆಬ್ರವರಿಯಲ್ಲಿ, ಐವತ್ತರ ಪ್ರಾಯದಲ್ಲಿ, ಅಲ್ಲಿಯೇ ಆಕೆಯ ದೇಹಾಂತ್ಯವಾಯಿತು. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ಅದೇ ವರ್ಷದ ಕೊನೆಯಲ್ಲಿ ರಾಯಣ್ಣನು ಬಾಲಕ ಶಿವಲಿಂಗಪ್ಪನ ಹೆಸರಿನಲ್ಲಿ ಮತ್ತೆ ಕಾಳಗ ಹೂಡಿದನು. 1830ರ ಏಪ್ರಿಲಿನಲ್ಲಿ, ತನ್ನವರಂತೆ ನಟಿಸಿ ಸೇರಿಕೊಂಡವರ ಮೋಸದಿಂದ ಸೆರೆಸಿಕ್ಕನು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕಿತ್ತೂರಿನಿಂದ ಅಧಿಕಾರಿಗಳು ಪಾಠ ಕಲಿತರೇ? ರಾಮದುರ್ಗ ತಾಲ್ಲೂಕಿನ ಸುರೇಬಾನಕ್ಕೆ ಹೋದವರಿಗೆ ಉತ್ತರ ಸಿಗುತ್ತದೆ. 1858ರ ಮೇ 29ರ ರಾತ್ರಿ ಅಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬನ ಕಡೆಯವರು ಕೊಂದರು. ಅದಕ್ಕೆ ಹಿಂದಿದ್ದ ನೋವುಗಳಲ್ಲಿ ಒಂದು, ಮಕ್ಕಳಿಲ್ಲದ ಅರಸನಿಗೆ ದತ್ತಕದ ಅನುಮತಿ ನಿರಾಕರಿಸಿದ್ದು. ಬಾಬಾಸಾಹೇಬನನ್ನು ಮುಂದಿನ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ, ಒಂದೇ ಮಲಪ್ರಭೆಯ ಸೀಮೆಯಲ್ಲಿ, ಅದೇ ಹಳೆಯ ಕಥೆ ನೆತ್ತರಿನಲ್ಲಿ ಮತ್ತೆ ಬರೆಯಲ್ಪಟ್ಟಿತು.

ಕಂಪನಿಯ ಕಾಗದಗಳು ಚೆನ್ನಮ್ಮನನ್ನು ದಂಗೆಯ ಒಡತಿಯೆಂದು ದಾಖಲಿಸಿದವು. ಬಹುಕಾಲ ವಿದ್ಯಾವಂತರ ಅಭಿಪ್ರಾಯವೂ ಆ ಕಾಗದಗಳ ಹಿಂದೆಯೇ ನಡೆಯಿತು. ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಲಾವಣಿಕಾರರು, ಗೀಗೀ ಮೇಳದವರು ತಮ್ಮದೇ ತೀರ್ಪನ್ನು ಕಾಪಾಡಿಕೊಂಡರು. ಅವರ ಅಜ್ಜಂದಿರು ಆಕೆಯನ್ನು ಕಂಡಿದ್ದರು. ಕೊನೆಗೆ ಉಳಿದದ್ದು ಅವರ ತೀರ್ಪೇ. 1961ರಲ್ಲಿ ಬಿ.ಆರ್. ಪಂತುಲು ಅವರ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿ ಕಾಣಿಸಿಕೊಂಡು ಆಕೆಯನ್ನು ಮನೆಮನೆಗೆ ಮುಟ್ಟಿಸಿದರು. 2007ರ ಸೆಪ್ಟೆಂಬರ್ 11ರಂದು ಸಂಸತ್ತಿನ ಆವರಣದಲ್ಲಿ ಆಕೆಯ ಪ್ರತಿಮೆಯನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲರು ಅನಾವರಣಗೊಳಿಸಿದರು. ಬೆಳಗಾವಿಯ ವಿಶ್ವವಿದ್ಯಾಲಯ ಆಕೆಯ ಹೆಸರನ್ನು ಹೊತ್ತಿದೆ.

ನಮ್ಮ ಧರ್ಮಸಭೆಯ ಇತಿಹಾಸದಲ್ಲಿಯೂ ಇಂಥದೊಂದು ಮುಖವಿದೆ. ಫ್ರಾನ್ಸಿನ ಸಂತ ಜೋನ್ ಆಫ್ ಆರ್ಕ್ ಳನ್ನು 1431ರಲ್ಲಿ ಧರ್ಮಾಧ್ಯಕ್ಷನೊಬ್ಬನ ನೇತೃತ್ವದ ನ್ಯಾಯಪೀಠವೇ ಪಾಷಂಡಿಯೆಂದು ಘೋಷಿಸಿತು. ಸುಮಾರು ಹತ್ತೊಂಬತ್ತರ ಆ ಹುಡುಗಿ ಬೆಂಕಿಗೆ ಆಹುತಿಯಾದಳು. ಇಪ್ಪತ್ತೈದು ವರ್ಷಗಳ ತರುವಾಯ ಪವಿತ್ರ ಸಭೆ ಆ ಪ್ರಕರಣವನ್ನು ಮತ್ತೆ ತೆರೆಯಿತು. ಈ ಸಲ ಸಾಕ್ಷಿ ನುಡಿದವರು ಆಕೆಯನ್ನು ಬಲ್ಲವರು: ಅವಳೊಡನೆ ಆಡಿ ಬೆಳೆದ ಹಳ್ಳಿಯವರು, ಅವಳೊಡನೆ ಕುದುರೆಯೇರಿದ ಯೋಧರು, ನೂರಕ್ಕೂ ಹೆಚ್ಚು ಜನ. 1456ರಲ್ಲಿ ಹಳೆಯ ತೀರ್ಪು ರದ್ದಾಯಿತು. 1920ರಲ್ಲಿ ಆಕೆ ಸಂತರ ಸಾಲಿಗೆ ಸೇರಿದಳು. ಪವಿತ್ರ ಸಭೆಯೇ ತನ್ನವರ ತೀರ್ಪನ್ನು ಮರಳಿ ತೂಗಿ ತಿದ್ದಿಕೊಂಡಿತೆಂದರೆ, ನಮ್ಮ ಇಗರ್ಜಿಯ ಅಂಗಳದ ತೀರ್ಪುಗಳನ್ನು ತಿದ್ದಿಕೊಳ್ಳಲು ನಮಗೇಕೆ ನಾಚಿಕೆ?

ಹಾಗೆಂದು ಇತರರ ಮಾತನ್ನು ಕೇಳಲೇಬಾರದೆಂದು ನಾವು ಹೇಳುತ್ತಿಲ್ಲ. ಯಾವ ಮನುಷ್ಯನೂ ಎಲ್ಲರನ್ನೂ ತಾನೇ ಅರಿಯಲಾರ. ತಂದೆತಾಯಿಯರ ಅನುಭವ, ಹಿರಿಯರ ವಿವೇಕ, ಧರ್ಮಗುರುಗಳ ಸಲಹೆ ಇವೆಲ್ಲ ದೇವರು ಕೊಟ್ಟ ಕಾವಲು. ಮಗಳಿಗೆ ಗಂಡು ನೋಡುವಾಗ ವಿಚಾರಿಸದೇ ಹೋದರೆ ಅದು ಪ್ರೀತಿಯಲ್ಲ, ಅಜಾಗರೂಕತೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇದರ ಎರಡೂ ಮುಖಗಳನ್ನು ಕಾಣುತ್ತೇವೆ. ದಮಸ್ಕಸಿನ ಅನನೀಯನು ಸೌಲನ ಬಗ್ಗೆ ಅನೇಕರಿಂದ ಕೇಳಿದ್ದನು. ಕೇಳಿದ್ದೆಲ್ಲ ನಿಜವೂ ಆಗಿತ್ತು. ಆದರೂ ಪ್ರಭುವಿನ ಅಪ್ಪಣೆಯಂತೆ ಹೋಗಿ ಆ ಮನುಷ್ಯನ ಮೇಲೆ ಕೈಯಿಟ್ಟಾಗ ಎದುರಿಗಿದ್ದವನು ಆ ಹಳೆಯ ಸೌಲನಾಗಿರಲಿಲ್ಲ. ಕೇಳಿದ ಮಾತು ನಿನ್ನೆಯ ಮನುಷ್ಯನದು, ಎದುರಿಗಿರುವವನು ಇಂದಿನವನು. ಮುಂದೆ ಜೆರುಸಲೇಮಿನ ಶಿಷ್ಯರು ಸೌಲನಿಗೆ ಹೆದರಿ ದೂರ ಸರಿದಾಗ ಬಾರ್ನಬನು ಅವನ ಪರವಾಗಿ ನಿಂತು, ಪ್ರೇಷಿತರ ಬಳಿಗೆ ಕರೆದುಕೊಂಡು ಹೋದನು. ಅವರು ಬಾರ್ನಬನ ಮಾತನ್ನು ನಂಬಿದರು, ನಂಬಿದ್ದರಿಂದಲೇ ಧರ್ಮಸಭೆಗೆ ಸಂತ ಪೌಲನು ದೊರೆತನು.

ಬಾರ್ನಬನ ಮಾತಿಗೂ ಮಲ್ಲಪ್ಪಶೆಟ್ಟಿಯಂಥವರ ಮಾತಿಗೂ ಇರುವ ಅಂತರವೇ ನಮಗೆ ಅಳತೆಗೋಲು. ಬಾರ್ನಬನಿಗೆ ತನ್ನ ಮಾತಿನಿಂದ ಲಾಭವೇನೂ ಇರಲಿಲ್ಲ, ತನ್ನ ಹೆಸರನ್ನೇ ಅವನು ಪಣವಿಟ್ಟಿದ್ದನು. ಆದ್ದರಿಂದ ಯಾರಾದರೂ ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಹೇಳಿದಾಗ ಕೇಳಿಕೊಳ್ಳೋಣ: ಹೇಳುವವರು ತಾವೇ ಕಂಡಿದ್ದಾರೆಯೇ, ಅಥವಾ ಕೇಳಿದ್ದಾರೆಯೇ? ಆ ಮಾತಿನಿಂದ ಅವರಿಗೇನಾದರೂ ದಕ್ಕುತ್ತದೆಯೇ? ಆ ವ್ಯಕ್ತಿಯ ಮುಂದೆಯೇ ಅದನ್ನು ಹೇಳಲು ಅವರು ಸಿದ್ಧರಿದ್ದಾರೆಯೇ? ಈ ಮೂರು ಪ್ರಶ್ನೆಗಳಲ್ಲಿ ಬಹುಪಾಲು ಮಾತುಗಳು ಹೊಸ್ತಿಲಲ್ಲಿಯೇ ಬಿದ್ದುಹೋಗುತ್ತವೆ. ಉಳಿದ ಮಾತುಗಳಿಗಾದರೂ, ಪ್ರತ್ಯಕ್ಷ ಕಂಡದ್ದನ್ನೂ ಪ್ರಮಾಣಿಸಿ ನೋಡಬೇಕೆಂಬ ಹಿರಿಯರ ಗಾದೆ ಇದ್ದೇ ಇದೆ.

ಎಂಟನೆಯ ಆಜ್ಞೆಯನ್ನು ನಾವು ಸುಳ್ಳು ಹೇಳಬಾರದೆಂಬಲ್ಲಿಗೆ ನಿಲ್ಲಿಸುತ್ತೇವೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಅದನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನಲ್ಲಿ ದೋಷವಿದೆಯೆಂದು ಮನಸ್ಸಿನಲ್ಲಿಯೇ ಒಪ್ಪಿಕೊಳ್ಳುವುದು ಸಹ, ಬಾಯಿಬಿಟ್ಟು ಹೇಳದಿದ್ದರೂ, ಈ ಆಜ್ಞೆಗೆ ವಿರುದ್ಧವೆಂದು ಅದು ಕಲಿಸುತ್ತದೆ. ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಗಳ ಆರಂಭದಲ್ಲಿಯೇ, ನೆರೆಯವನ ಮಾತಿಗೆ ಕೆಟ್ಟ ಅರ್ಥ ಹಚ್ಚುವ ಮೊದಲು ಒಳ್ಳೆಯ ಅರ್ಥವನ್ನು ಹುಡುಕಬೇಕೆಂದೂ ಸಿಗದಿದ್ದರೆ ಅವನನ್ನೇ ಕೇಳಬೇಕೆಂದೂ ಸಲಹೆ ನೀಡಿದ್ದಾರೆ. ಅವನನ್ನೇ ಕೇಳುವುದು: ಎಷ್ಟು ಸರಳ ದಾರಿ, ಎಷ್ಟು ಕಡಿಮೆ ಜನ ನಡೆದ ದಾರಿ!

ನಾವು ಈ ನಾಡಿನಲ್ಲಿ ಚಿಕ್ಕ ಸಮುದಾಯ. ನಮ್ಮನ್ನು ಎಂದೂ ಕಾಣದವರು, ನಮ್ಮ ಇಗರ್ಜಿಯ ಮೆಟ್ಟಿಲು ಏರದವರು, ನಮ್ಮ ಬಗ್ಗೆ ಕೇಳಿದ್ದನ್ನು ನಂಬಿದಾಗ ನಮಗೆಷ್ಟು ನೋವಾಗುತ್ತದೆಂಬುದು ನಮಗೇ ಗೊತ್ತು. ಬಂದು ನೋಡಲಿ ಎಂದು ನಾವು ಹಂಬಲಿಸುತ್ತೇವೆ. ನಜರೇತಿನ ಬಗ್ಗೆ ಹಗುರವಾಗಿ ಆಡಿದ ನತಾನಿಯೇಲನನ್ನು ಫಿಲಿಪ್ಪನು ಕರೆದದ್ದೂ ಹಾಗೆಯೇ. ನತಾನಿಯೇಲನು ವಾದವನ್ನು ಬಿಟ್ಟು ಎದ್ದು ಹೋದನು, ನೋಡಿದನು, ನಂಬಿದನು. ನಮಗೆ ಸಿಗಬೇಕೆಂದು ನಾವು ಬಯಸುವ ಈ ನ್ಯಾಯವನ್ನು ನಾವು ಇತರರಿಗೆ ಕೊಡುತ್ತಿದ್ದೇವೆಯೇ? ನಮ್ಮ ಓಣಿಯ ಅನ್ಯಧರ್ಮೀಯ ನೆರೆಯವರಿಗೆ, ನಮ್ಮದೇ ಧರ್ಮಕೇಂದ್ರದ ಹಿಂದಿನ ಬೆಂಚಿನ ಕುಟುಂಬಕ್ಕೆ?

ಕಿತ್ತೂರಿಗೆ ಹೋದವರು ಬೈಲಹೊಂಗಲಕ್ಕೂ ಹೋಗಿಬರಲೆಂದು ನಮ್ಮ ಬಿನ್ನಹ. ಕೋಟೆಯಲ್ಲಿ ಆಕೆಯ ಶೌರ್ಯ ನೆನಪಾಗುತ್ತದೆ. ಸಮಾಧಿಯ ಮುಂದೆ ಬೇರೊಂದು ನೆನಪಾಗಬೇಕು: ತನ್ನನ್ನು ಅರಿಯದವರ ತೀರ್ಪಿನಿಂದ ಎಲ್ಲವನ್ನೂ ಕಳೆದುಕೊಂಡ ಒಬ್ಬ ಹೆಣ್ಣುಮಗಳು ಇಲ್ಲಿ ಮಲಗಿದ್ದಾಳೆ ಎಂಬುದು. ಮಕ್ಕಳ ಕೈಹಿಡಿದು ಅಲ್ಲಿ ಒಂದು ಕ್ಷಣ ಮೌನವಾಗಿ ನಿಲ್ಲೋಣ. ಮರಳಿ ಬಂದ ಭಾನುವಾರ, ಪೂಜೆ ಮುಗಿದ ಮೇಲೆ, ಆ ಹಿಂದಿನ ಬೆಂಚಿನವರ ಬಳಿಗೆ ನಾವಾಗಿಯೇ ಹೋಗಿ ಮಾತನಾಡಿಸೋಣ.